ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತಿದೆ, ಅನುಭವ ಇರುವವರು ಹೇಳಿ

ವಿಜಯನಗರದಿಂದ:
ಜನವರಿಯಲ್ಲಿ ನಾನೇ ಜೋಡಿಸಿದ ಕಂಪ್ಯೂಟರ್. ರೈಜೆನ್ 5 5600, ಅದರ ಜೊತೆಗೇ ಬಂದ ಕೂಲರ್. ಸುಮ್ಮನಿದ್ದಾಗಲೇ 58 ಡಿಗ್ರಿ. ಆಟ ಶುರು ಮಾಡಿದ ಐದು ನಿಮಿಷಕ್ಕೆ 90 ಮುಟ್ಟಿ ವೇಗ ಕುಸಿಯುತ್ತದೆ. ಕೋಣೆಯಲ್ಲಿ 31 ಡಿಗ್ರಿ. ಪ್ರೊಸೆಸರಿಗೂ ಕೂಲರಿಗೂ ನಡುವೆ ಶಾಖ ದಾಟಿಸಲು ಹಚ್ಚುವ ಪೇಸ್ಟ್ ಎರಡು ಸಲ ಬದಲಿಸಿದೆ. ಪಂಪಿನಿಂದ ನೀರು ಹರಿಸಿ ತಣಿಸುವ ಲಿಕ್ವಿಡ್ ಕೂಲರ್ ಕೊಳ್ಳಲೇ?

ಜಯನಗರದಿಂದ:
ಲಿಕ್ವಿಡ್ ಕಡೆ ತಲೆಯೇ ಹಾಕಬೇಡಿ. 240 ಎಂಎಂ ಒಂದಕ್ಕೆ 7,800 ರೂಪಾಯಿ ಸುರಿದೆ. ಇಪ್ಪತ್ತಾರನೇ ತಿಂಗಳಿಗೆ ಗೊಳಗೊಳ ಸದ್ದು ಶುರುವಾಯಿತು. ಒಂದು ರಾತ್ರಿ ಕೆಲಸದ ನಡುವೆ 38ರಿಂದ 97ಕ್ಕೆ ಒಂದೇ ನಿಮಿಷದಲ್ಲಿ ಏರಿ ಕಂಪ್ಯೂಟರ್ ಆಫ್ ಆಯಿತು. ಮುಚ್ಚಳ ತೆಗೆದು ಮುಟ್ಟಿ ನೋಡಿದರೆ ಪಂಪ್ ಬಳಿ ಕೊಳವೆ ಸುಡುತ್ತಿದೆ, ಬಿಸಿ ನೀರು ಬಂದು ತಣಿಯಬೇಕಾದ ರೇಡಿಯೇಟರ್ ಮಾತ್ರ ಮಡಕೆಯ ಹಾಗೆ ತಣ್ಣಗಿದೆ. ನೀರು ಹರಿಯುತ್ತಲೇ ಇರಲಿಲ್ಲ. ವಾರಂಟಿಗೆ ಕಳುಹಿಸಲು ಕೊರಿಯರ್ 420, ಕಾದದ್ದು 47 ದಿನ. ಅಷ್ಟರಲ್ಲಿ ಕೆಲಸ ನಿಲ್ಲಬಾರದೆಂದು 2,350ಕ್ಕೆ ಗಾಳಿಯ ಕೂಲರ್ ತಂದೆ. ಅದೇ ಇವತ್ತಿಗೂ ಓಡುತ್ತಿದೆ. ಬದಲಿಯಾಗಿ ಬಂದ ಲಿಕ್ವಿಡ್ ಕೂಲರಿನ ಪೆಟ್ಟಿಗೆಯನ್ನು ನಾನು ತೆರೆದೂ ಇಲ್ಲ.

ವೈಟ್‌ಫೀಲ್ಡ್‌ನಿಂದ:
ಪಂಪನ್ನು ರೇಡಿಯೇಟರಿಗಿಂತ ಎತ್ತರದಲ್ಲಿ ಕೂರಿಸಿ ಆಮೇಲೆ ಲಿಕ್ವಿಡ್ಡನ್ನೇ ದೂರುವವರು ಬಹಳ ಮಂದಿ. ಒಳಗಿನ ಗಾಳಿ ಎತ್ತರದ ಜಾಗಕ್ಕೇ ಸೇರುತ್ತದೆ. ಆ ಜಾಗ ಪಂಪ್ ಆದರೆ ಗೊಳಗೊಳ ಎನ್ನದೆ ಇನ್ನೇನು? ನನ್ನದು ಐ7 12700ಕೆ, ನಾಲ್ಕನೇ ವರ್ಷ. ಗರಿಷ್ಠ 190 ವ್ಯಾಟ್ ಎಳೆಯುವ ಪ್ರೊಸೆಸರಿಗೆ ಎರಡು ಸಾವಿರದ ಕೂಲರ್ ಕಟ್ಟಿ ನೋಡಿ, ಗೊತ್ತಾಗುತ್ತದೆ.

ಆದರೂ ಮೊದಲ ಆರು ತಿಂಗಳು ನಾನೂ ಒದ್ದಾಡಿದೆ. ತಪ್ಪು ಕೂಲರಿನದ್ದಲ್ಲ: ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ವಿದ್ಯುತ್ ಮಿತಿಯ ಜಾಗದಲ್ಲಿ 4096 ವ್ಯಾಟ್ ಎಂದಿತ್ತು, ಅಂದರೆ ಮಿತಿಯೇ ಇಲ್ಲ. 125ಕ್ಕೆ ಇಳಿಸಿದೆ. 11 ನಿಮಿಷದ ವಿಡಿಯೊ ರೆಂಡರ್ 12 ನಿಮಿಷವಾಯಿತು, ಶಾಖ 18 ಡಿಗ್ರಿ ಇಳಿಯಿತು. ಆರು ತಿಂಗಳಲ್ಲಿ ಮೂರು ಬಗೆಯ ಪೇಸ್ಟಿಗೆ ಖರ್ಚು ಮಾಡಿದ 2,100 ರೂಪಾಯಿ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜಯನಗರದಿಂದ:
ರೇಡಿಯೇಟರನ್ನು ಮೇಲ್ಛಾವಣಿಗೇ ಜೋಡಿಸಿದ್ದೆ. ನನ್ನ ಮನೆಗೆ ಬಂದು ನೋಡಿದವರಂತೆ ಬರೆಯಬೇಡಿ. 5600 ಎಳೆಯುವುದು 76 ವ್ಯಾಟ್. ಕೇಳಿದವರಿಗೆ ನಿಮ್ಮ 190 ವ್ಯಾಟಿನಿಂದ ಏನು ಪ್ರಯೋಜನ?

ಯಲಹಂಕದಿಂದ:
ಇಷ್ಟೊಂದು ಗಾಬರಿ ಏಕೆ? ನನ್ನ 7600ಎಕ್ಸ್ ದಿನವಿಡೀ 95ರಲ್ಲೇ ಇರುತ್ತದೆ. ಅದನ್ನು ಹಾಗೆಯೇ ರೂಪಿಸಿದ್ದಾರೆ.

ರಾಜಾಜಿನಗರದಿಂದ:
ಅದು 7000 ಸರಣಿಯ ಮಾತು. 5600ರ ಮಿತಿಯೇ 90. ಮಿತಿ ಮುಟ್ಟಿ ವೇಗ ಇಳಿಸಿಕೊಳ್ಳುತ್ತಿದೆ ಎಂದು ಅವರೇ ಬರೆದಿದ್ದಾರೆ. ತಪ್ಪು ಸಮಾಧಾನ ಹೇಳಬೇಡಿ.

ನನಗೂ ಇದೇ ಪ್ರೊಸೆಸರಿನಲ್ಲಿ ಇದೇ ಆಗಿತ್ತು. ಪೇಸ್ಟ್ ಬದಲಿಸಲೆಂದು ಕೂಲರನ್ನು ನೇರ ಮೇಲಕ್ಕೆ ಎಳೆದೆ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಬೀಗದ ಕಡ್ಡಿ ಇಳಿದೇ ಇತ್ತು, ಆದರೂ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡು ಕಿತ್ತು ಬಂತು. ಹನ್ನೊಂದು ಪಿನ್ ಬಾಗಿದ್ದವು. ಅಪ್ಪನ ಭೂತಗನ್ನಡಿ ಹಿಡಿದು, ಸೀಸ ತೆಗೆದ 0.5 ಎಂಎಂ ಪೆನ್ಸಿಲಿನ ಮೂತಿಯನ್ನು ಒಂದೊಂದೇ ಪಿನ್ನಿಗೆ ತೊಡಿಸಿ ನೆಟ್ಟಗೆ ಮಾಡಿದೆ. ಮೂರು ಗಂಟೆ. ಒಂದು ಮುರಿದಿದ್ದರೂ ಹತ್ತು ಸಾವಿರ ನೀರುಪಾಲು. ಕೈ ನಡುಗದಿರಲೆಂದು ಮೊಣಕೈಗಳನ್ನು ಮೇಜಿಗೆ ಒತ್ತಿ ಹಿಡಿದಿದ್ದೆ, ಮರುದಿನ ಅವು ಕೆಂಪಾಗಿದ್ದವು. ಹತ್ತು ನಿಮಿಷ ಓಡಿಸಿ ಪೇಸ್ಟನ್ನು ಬಿಸಿ ಮಾಡಿ, ವಿದ್ಯುತ್ ಕಡಿದು, ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚಿ ಬಿಡಿಸಬೇಕೆಂದು ಆಗ ಯಾರೂ ಹೇಳಿರಲಿಲ್ಲ.

ಕಾರಣ ತಿಳಿದದ್ದು ಆ ದಿನವೇ. ಕೂಲರಿನ ತಳದಲ್ಲಿ ಒಂದು ಕಡೆ ಪೇಸ್ಟ್ ಕಾಗದದಷ್ಟು ತೆಳುವಾಗಿ ಹರಡಿತ್ತು, ಎದುರು ಮೂಲೆಯಲ್ಲಿ ಹಚ್ಚಿದಂತೆಯೇ ದಪ್ಪಗೆ ನಿಂತಿತ್ತು. ಮೊದಲ ತಿರುಪನ್ನೇ ಪೂರ್ತಿ ಬಿಗಿದಿದ್ದೆ, ಕೂಲರ್ ಓರೆಯಾಗಿ ಕೂತಿತ್ತು. ಮೂಲೆಯಿಂದ ಎದುರು ಮೂಲೆಗೆ ಎರಡೆರಡು ಸುತ್ತಿನಂತೆ ಬಿಗಿದೆ. 90 ಇದ್ದದ್ದು 74. ಖರ್ಚು ಒಂದು ರೂಪಾಯಿಯೂ ಇಲ್ಲ.

ಪೀಣ್ಯದಿಂದ:
ದೂಳಿನ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ನನ್ನದು ರಸ್ತೆಗೆ ಅಂಟಿದ ನೆಲಮಹಡಿ ಮನೆ. ಎರಡು ತಿಂಗಳಿಗೆ ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಊರು 900 ಮೀಟರ್ ಎತ್ತರದಲ್ಲಿದೆ, ಗಾಳಿಯೇ ತೆಳು. ಬೆಂಗಳೂರು ತಂಪು ಎಂದು ನಂಬಿ ಕಿಟಕಿ ಇಲ್ಲದ ಮೂಲೆಯಲ್ಲಿ ಇಟ್ಟಿದ್ದೆ. 2016ರ ಏಪ್ರಿಲಿನಲ್ಲಿ ಇಲ್ಲೇ 39.2 ಡಿಗ್ರಿ ಮುಟ್ಟಿತ್ತು, ಮರೆಯಬೇಡಿ. ಹೊರಗಿನ ಸೆಕೆ ಎಷ್ಟು ಏರುತ್ತದೆಯೋ ಒಳಗಿನ ಪ್ರೊಸೆಸರೂ ಅಷ್ಟೇ ಏರುತ್ತದೆ. ಇನ್ನು ಪೇಸ್ಟ್: ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಬಿಲ್ ಇಲ್ಲದೆ 180ಕ್ಕೆ ಕೊಂಡದ್ದು ತಿಂಗಳಲ್ಲೇ ಸುಣ್ಣದಂತೆ ಉದುರಿತು.

ಚಾಮರಾಜಪೇಟೆಯಿಂದ:
ಬಿಲ್ ಬೇಡವೆಂದು ನೀವೇ ಹೇಳಿ, ಆಮೇಲೆ ರಸ್ತೆಯ ಹೆಸರು ಕೆಡಿಸುವುದು ಸರಿಯಲ್ಲ. ನಾನು ಇಪ್ಪತ್ತು ವರ್ಷದಿಂದ ಅಲ್ಲೇ ಕೊಳ್ಳುತ್ತಿದ್ದೇನೆ. ಕೆಟ್ಟ ರ‍್ಯಾಮನ್ನು ಮರುದಿನವೇ ಬದಲಿಸಿ ಕೊಟ್ಟಿದ್ದಾರೆ. ಆನ್‌ಲೈನಿನಲ್ಲಿ ಕೊಂಡ ಮದರ್‌ಬೋರ್ಡಿಗೆ ನಾನು ಐದು ವಾರ ಫೋನ್ ಮಾಡಿದ್ದೇನೆ.

ಪೀಣ್ಯದಿಂದ:
ಬಿಲ್ ಕೇಳಿದರೆ ಜಿಎಸ್‌ಟಿ ಸೇರಿಸಿ ಬೆಲೆ ಏರಿಸುತ್ತೇನೆ ಎಂದವರು ಅಂಗಡಿಯವರು. ಬೇಡವೆಂದದ್ದು ನಾನಲ್ಲ.

ವಿಜಯನಗರದಿಂದ:
ರಾಜಾಜಿನಗರದವರು ಹೇಳಿದಂತೆ ಬಿಸಿ ಮಾಡಿ ತಿರುಚಿ ಬಿಡಿಸಿದೆ, ಪಿನ್‌ಗಳು ಕ್ಷೇಮ. ಒಂದು ಮೂಲೆಯಲ್ಲಿ ಪೇಸ್ಟ್ ದಪ್ಪಗೇ ಇದೆ. ಆ ಮೂಲೆಯ ತಿರುಪು ಎಷ್ಟು ತಿರುಗಿಸಿದರೂ ಕಚ್ಚುತ್ತಿಲ್ಲ, ಹಲ್ಲು ಸವೆದಿದೆ. ಸ್ಪ್ರಿಂಗ್ ಇರುವ ಆ ತಿರುಪು ಬಿಡಿಯಾಗಿ ಎಲ್ಲಿ ಸಿಗುತ್ತದೆ?

ಚಾಮರಾಜಪೇಟೆಯಿಂದ:
ಎಸ್.ಪಿ. ರಸ್ತೆಯಲ್ಲಿ ಹಳೆಯ ಕೂಲರ್ ಬಿಚ್ಚಿ ಮಾರುವವರ ಬಳಿ ಕೇಳಿ. ಬೋರ್ಡಿನ ಹಿಂದಿನ ಪಟ್ಟಿಯ ಹಲ್ಲೂ ಸವೆದಿರಬಹುದು, ಅದನ್ನೂ ಬಿಚ್ಚಿ ಜೊತೆಗೆ ಒಯ್ಯಿರಿ.

ಪೀಣ್ಯದಿಂದ:
ಬಿಲ್ ತೆಗೆದುಕೊಳ್ಳಿ.