ಫೋರ್ ವೀಲ್ ಡ್ರೈವ್ ಇದ್ದರೂ ಪಿಕಪ್ ಸಿಕ್ಕಿಹಾಕಿಕೊಳ್ಳುತ್ತೆ, ಡಿಫ್ ಲಾಕ್ ಬೇಕಾ?

ತೋಟದಹುಡುಗ:
ಸಕಲೇಶಪುರದ ಕಡೆ ನಮ್ಮ ಕಾಫಿ ತೋಟ. ಒಳಗಿನ ದಾರಿ ಪೂರ್ತಿ ಮಣ್ಣು. ಏರಿನ ಮಧ್ಯೆ ನೀರು ಹರಿದು ಓರೆಯಾಗಿ ಒಂದು ಕೊರಕಲು ಬಿದ್ದಿದೆ. ಹಳೇ ಫೋರ್ ವೀಲ್ ಡ್ರೈವ್ ಪಿಕಪ್ ಇದೆ, ಗೊಬ್ಬರದ ಮೂಟೆ ಹಾಕಿಕೊಂಡು ಹೋದರೆ ಅಲ್ಲೇ ನಿಲ್ಲುತ್ತದೆ. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಗಿರ್ರನೆ ತಿರುಗುತ್ತವೆ, ಉಳಿದೆರಡು ಅಲ್ಲಾಡಲ್ಲ. ನಾಲ್ಕಕ್ಕೂ ಪವರ್ ಹೋಗಬೇಕಲ್ವಾ? ಗಾಡಿ ಬದಲಿಸೋಣ ಅಂತಿದ್ದೀನಿ. ಟೊಯೊಟಾ ಹೈಲಕ್ಸ್ ಪಿಕಪ್‌ನ ಡಿಫ್ ಲಾಕ್ (ಡಿಫರೆನ್ಷಿಯಲ್ ಲಾಕ್), ಮಹೀಂದ್ರಾದವರ ಎಂಎಲ್‌ಡಿ (ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್) ಎರಡೂ ಒಂದೇನಾ?

ಕ್ರೌನ್‌ಪಿನಿಯನ್:
ಗಾಡಿ ಸರಿಯಾಗೇ ಇದೆ. ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಕಳಿಸುವ ಪೆಟ್ಟಿಗೆ) ಮುಂದಿನ ಆಕ್ಸಲ್ಲನ್ನೂ ಹಿಂದಿನದನ್ನೂ ಜೋಡಿಸುತ್ತದೆ, ಅಷ್ಟೇ. ಎಡ-ಬಲದ ಲೆಕ್ಕ ನೋಡಿಕೊಳ್ಳುವುದು ಆಯಾ ಆಕ್ಸಲ್‌ನ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಅದಕ್ಕೆ ಅದು ಬೇಕೇ ಬೇಕು. ಆದರೆ ಮಾಮೂಲಿ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮ ಬಲವನ್ನೇ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸೋಕೆ ಎಷ್ಟು ಕಡಿಮೆ ಬಲ ಸಾಕೋ, ನೆಲದ ಮೇಲಿರುವುದಕ್ಕೂ ಅಷ್ಟೇ ಸಿಗುತ್ತದೆ. ನಿಮ್ಮ ಕೊರಕಲಿನಲ್ಲಿ ಎದುರುಬದುರು ಮೂಲೆಯ ಎರಡು ಚಕ್ರ ಹಿಡಿತ ಬಿಡುತ್ತಿವೆ, ಹಾಗಾಗಿ ಮುಂದಿನ ಆಕ್ಸಲ್ಲೂ ಕೆಲಸಕ್ಕೆ ಬರಲ್ಲ, ಹಿಂದಿನದೂ ಬರಲ್ಲ. ಹಿಂದಿನದನ್ನು ಲಾಕ್ ಮಾಡಿದರೆ ಆ ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ, ಹಿಡಿತ ಇರುವ ಚಕ್ರ ಗಾಡಿಯನ್ನು ತಳ್ಳುತ್ತದೆ. ಫೋರ್ ಲೋ (ನಾಲ್ಕು ಚಕ್ರಕ್ಕೂ ನಿಧಾನದ ಗೇರ್) ಹಾಕಿದರೂ ಇದು ಬಗೆಹರಿಯಲ್ಲ. ಅದು ಬಲ ಹೆಚ್ಚಿಸಿ ವೇಗ ಇಳಿಸುತ್ತದೆ, ಎಡ-ಬಲ ಹಂಚಿಕೆ ಹಾಗೇ ಇರುತ್ತದೆ.

ಘಟ್ಟದಡ್ರೈವರ್:
ಎರಡೂ ಒಂದೇ ಅಲ್ಲ. ಹೈಲಕ್ಸ್‌ದು ಸ್ವಿಚ್ಚಿನದು, ಬೇಕಾದಾಗ ನೀವೇ ಹಾಕಬೇಕು. ಕೊರಕಲಿಗೆ ಇಳಿಯೋ ಮೊದಲೇ ಹಾಕಿ, ಚಕ್ರ ಗಿರಗಿರ ತಿರುಗುತ್ತಿರುವಾಗ ಒತ್ತಬೇಡಿ. ಎಂಎಲ್‌ಡಿ ತಾನಾಗೇ ಬೀಳುತ್ತದೆ. ಎರಡು ಚಕ್ರದ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ ಒಳಗಿನ ಸಣ್ಣ ತೂಕ ಹೊರಕ್ಕೆ ಚಾಚಿ ಕೊಂಡಿಗೆ ಸಿಕ್ಕಿಕೊಂಡು, ಕ್ಲಚ್ ಪ್ಲೇಟುಗಳು ಬಿಗಿದು ಲಾಕ್ ಆಗುತ್ತದೆ. ಅಂದರೆ ಚಕ್ರ ಸ್ವಲ್ಪ ಸ್ಪಿನ್ ಆಗಲೇಬೇಕು. ಆಗ ಕಾಲು ತೆಗೆದುಬಿಡುತ್ತಾರೆ ನಮ್ಮ ಜನ, ಆಮೇಲೆ ಲಾಕೇ ಇಲ್ಲ ಅಂತ ಬೈಯುತ್ತಾರೆ! ಆಕ್ಸಿಲರೇಟರ್ ಹದವಾಗಿ ಹಿಡಿದಿರಿ, ಟಕ್ ಅಂತ ಬೀಳುತ್ತದೆ. ಮಹೀಂದ್ರಾ ಬೊಲೆರೊ ನಿಯೋದ ಎನ್10 (ಒ) ಮಾಡೆಲ್ ಫೋರ್ ವೀಲ್ ಇಲ್ಲದೆ, ಎಂಎಲ್‌ಡಿ ಮಾತ್ರ ಇಟ್ಟುಕೊಂಡು ಬಂದಿತ್ತು. ಫೋರ್ ವೀಲ್ ಬೇರೆ, ಲಾಕ್ ಬೇರೆ ಅನ್ನೋಕೆ ಅದೇ ಸಾಕ್ಷಿ.

ತೋಟದಹುಡುಗ:
ಈಗ ಅರ್ಥ ಆಯ್ತು. ಸೆಕೆಂಡ್ ಹ್ಯಾಂಡ್ ತಗೊಂಡರೆ ಎಂಎಲ್‌ಡಿ ಇದೆಯಾ ಅಂತ ಹಿಂದಿನ ಎರಡು ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಬಹುದಾ? ಮಳೆಯಲ್ಲಿ ಟಾರ್ ರೋಡಲ್ಲೂ ಫೋರ್ ಹೈ (ನಾಲ್ಕು ಚಕ್ರಕ್ಕೂ ಮಾಮೂಲಿ ಗೇರ್) ಹಾಕಿಕೊಂಡೇ ಹೋಗಬಹುದಾ?

ಕ್ರೌನ್‌ಪಿನಿಯನ್:
ಕೈಯಲ್ಲಿ ನಿಧಾನಕ್ಕೆ ತಿರುಗಿಸಿದರೆ ಎಂಎಲ್‌ಡಿ ಮಾಮೂಲಿಯದರ ಥರಾನೇ ಇರುತ್ತದೆ, ಒಂದು ಮುಂದೆ ಹೋದರೆ ಇನ್ನೊಂದು ಹಿಂದೆ. ಅದರಿಂದ ಏನೂ ತಿಳಿಯಲ್ಲ. ಕೆಸರಿಗೆ ಇಳಿಸಿಯೇ ನೋಡಿ.

ಟಾರ್ ವಿಷಯಕ್ಕೆ ಬಂದರೆ, ಇಂಥ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ-ಹಿಂದಿನ ಆಕ್ಸಲ್‌ಗಳ ಮಧ್ಯೆ ಡಿಫರೆನ್ಷಿಯಲ್ ಇರಲ್ಲ. ಒಣ ರಸ್ತೆಯಲ್ಲಿ ಫೋರ್ ಹೈ ಹಾಕಿ ತಿರುವು ತೆಗೆದರೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು, ಶಾಫ್ಟ್ ಬಿಡಲ್ಲ, ಎಲ್ಲಾ ಬಿಗಿದುಕೊಂಡು ಸ್ಟೀರಿಂಗ್ ಭಾರ ಆಗುತ್ತದೆ, ಗೇರೂ ಟೈರೂ ಸವೆಯುತ್ತವೆ. ಟಾರ್ ಸಿಕ್ಕ ಕೂಡಲೇ ಟೂ ಹೈಗೆ, ಅಂದರೆ ಎರಡೇ ಚಕ್ರದ ಡ್ರೈವ್‌ಗೆ, ಬನ್ನಿ. ಹಿಂದಿನ ಲಾಕಂತೂ ಮೊದಲು ತೆಗೆಯಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ನೇರಕ್ಕೇ ಎಳೆಯುತ್ತದೆ.

ಘಟ್ಟದಡ್ರೈವರ್:
ಅದೇ ಇಳಿಜಾರಲ್ಲಿ ವಾಪಸ್ ಬರುವಾಗ ಫೋರ್ ಲೋ, ಫಸ್ಟ್ ಗೇರ್. ಕ್ಲಚ್ ಮುಟ್ಟಬೇಡಿ. ಮತ್ತೆ ಹೊಸ ಗಾಡಿಗೆ ದುಡ್ಡು ಸುರಿಯೋ ಮೊದಲು ಈಗಿರೋ ಟೈರ್ ನೋಡಿಕೊಳ್ಳಿ, ರೋಡ್ ಟೈರಿನ ಸೀಳುಗಳಲ್ಲಿ ಕೆಸರು ತುಂಬಿಕೊಂಡರೆ ಯಾವ ಲಾಕೂ ಜಾಸ್ತಿ ಏನೂ ಮಾಡಲ್ಲ. ಆ ಕೊರಕಲಿಗೆ ಎರಡು ಲೋಡ್ ಕಲ್ಲು ಹಾಕಿಸೋಕೆ ಏನು ಕಷ್ಟ?