ಅಜ್ಜ ಮೂರ್ತೆ ಬಿಟ್ಟದ್ದು ಗುರುಗಳ ಮಾತಿಗಾ?

ತಾಳೆಗರಿ:
ನಮ್ಮದು ಬಂಟ್ವಾಳ ಕಡೆಯ ಬಿಲ್ಲವರ ಮನೆ. ಕಳೆದ ವಾರ ಅಟ್ಟ ಗುಡಿಸುವಾಗ ಅಜ್ಜನ ಮೂರ್ತೆಯ, ಅಂದರೆ ಮರ ಹತ್ತಿ ಕಳ್ಳು ಇಳಿಸುವ ಕೆಲಸದ, ಕತ್ತಿ ಸಿಕ್ಕಿತು. ಜೊತೆಗೆ ಒಂದು ಎಲುಬಿನ ತುಂಡು, ಹಿಡಿದು ಹಿಡಿದು ನುಣುಪಾದದ್ದು. ಹೊಂಬಾಳೆಯನ್ನು ಸುತ್ತಲೂ ಇದರಲ್ಲೇ ಮೆಲ್ಲಗೆ ಬಡಿಯುತ್ತಿದ್ದರಂತೆ. ಜೋರಾಗಿ ಬಡಿದರೆ ಒಡೆಯುತ್ತದೆ, ಬಡಿಯದಿದ್ದರೆ ಕಳ್ಳು ಇಳಿಯುವುದಿಲ್ಲ.

ಅಜ್ಜ ಪ್ರಾಯದಲ್ಲೇ ಮೂರ್ತೆ ಬಿಟ್ಟು ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ದುಡಿದವರು. ಮದ್ಯ ವಿಷ, ಅದನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂದ ನಾರಾಯಣ ಗುರುಗಳ ಮಾತಿಗೆ ಬಿಟ್ಟರು ಅಂತ ಮನೆಯಲ್ಲಿ ಹೇಳುತ್ತಾರೆ. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ಗುರುಗಳ ಫೋಟೊ ನಮ್ಮ ಚಾವಡಿಯಲ್ಲಿ ಈಗಲೂ ಉಂಟು. ಹಾಗಾದರೆ ಅಜ್ಜ ಊರಿಗೆ ಬಂದು ಮತ್ತೆ ಮರ ಹತ್ತಿದ್ದು ಯಾಕೆ? ಅಮ್ಮನಲ್ಲಿ ಕೇಳಿದರೆ ಸುಮ್ಮನಾಗುತ್ತಾರೆ. ಗೊತ್ತಿರುವ ಹಿರಿಯರು ದಯವಿಟ್ಟು ಹೇಳಿ.

ಪಡುಮನೆ:
ಗುರುಗಳ ಮಾತಿಗೆ ಬಿಟ್ಟವರು ಇದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷವನ್ನೂ ಲೆಕ್ಕ ಹಾಕಿ. ನಮ್ಮ ಜಿಲ್ಲೆ ಆಗ ಮದ್ರಾಸಿಗೆ ಸೇರಿತ್ತು. ರಾಜಾಜಿ 1937ರಲ್ಲಿ ಸೇಲಂನಲ್ಲಿ ಶುರು ಮಾಡಿದ ಪಾನನಿಷೇಧ 1948ರಲ್ಲಿ ಇಡೀ ಪ್ರಾಂತ್ಯಕ್ಕೆ ಬಂತು. ಸರಕಾರಕ್ಕೆ ಮರದ ತೆರಿಗೆ ಕಟ್ಟಿ ಕಳ್ಳು ಇಳಿಸುತ್ತಿದ್ದವರಿಗೆ ಅದೇ ಕೆಲಸಕ್ಕೆ ಕೇಸು. ನನ್ನ ಅಪ್ಪ ಹೆಂಚಿನ ಕಾರ್ಖಾನೆಗೆ ಹೋದರು, ಅಮ್ಮ ಬೀಡಿ ಕಟ್ಟಿದರು. 1967ರಲ್ಲಿ ನಮ್ಮ ರಾಜ್ಯ ನಿಷೇಧ ತೆಗೆದ ಮೇಲೆ ಅಪ್ಪ ಪುನಃ ಕತ್ತಿ ಮಸೆದರು.

ಇನ್ನೊಂದು ವಿಷಯ. ಮರ ಹತ್ತಿದವರೆಲ್ಲ ಅಮಲಿಗೇ ಇಳಿಸಿದ್ದಲ್ಲ. ಕಳ್ಳು ಹಿಡಿಯುವ ಸೋರೆ ಬುರುಡೆಯ ಒಳಗೆ ಸುಣ್ಣ ಬಳಿದರೆ ರಸ ಹುಳಿಯಾಗುವುದಿಲ್ಲ, ಸಿಹಿಯಾಗಿಯೇ ನಿಲ್ಲುತ್ತದೆ. ಅದನ್ನು ಕುದಿಸಿದರೆ ಓಲೆಬೆಲ್ಲ. ಅಪ್ಪ ಕೊನೆಯ ವರ್ಷಗಳಲ್ಲಿ ಅದನ್ನೇ ಮಾಡಿದ್ದು. ನಿಮ್ಮ ಅಟ್ಟದಲ್ಲಿ ಬುರುಡೆ ಇದ್ದರೆ ಒಳಗೆ ಬಿಳಿ ಉಂಟಾ ನೋಡಿ.

ರಾಯಚೂರು ಬಿಸಿಲು:
ನಮ್ಮ ಕಡಿ ಈಚಲ ಸೇಂದಿ ಹೋಗಿ ಪಾಕೀಟು ಸಾರಾಯಿ ಬಂತು. 2007ರ ಜುಲೈ 1ಕ್ಕ ಅದೂ ಬಂದ್ ಆತು. ಆಮ್ಯಾಲೆ ಕಿರಾಣಿ ಅಂಗಡ್ಯಾಗೂ ಕ್ವಾರ್ಟರ್ ಸಿಗಾಕ ಹತ್ತಿತು. ಕೂಲಿ ದುಡ್ಡು ಮನಿ ಮುಟ್ಟಲಿಲ್ಲ. 2019ರ ಜನವರಿಯೊಳಗ ಮದ್ಯ ಬಂದ್ ಮಾಡ್ರಿ ಅಂತ ಚಿತ್ರದುರ್ಗದಿಂದ ಬೆಂಗಳೂರು ತನಕ ಸುಮಾರು 200 ಕಿಲೋಮೀಟರ್ ನಡೆದ ಹೆಣ್ಮಕ್ಕಳಾಗ ನಮ್ಮ ಅತ್ತೀನೂ ಇದ್ಲು. ಬಂದಾಗ ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಗುರುಗಳ ಹೆಸರು ಆಕಿಗೆ ಗೊತ್ತಿಲ್ಲ. ಆಕಿ ಕೇಳಿದ್ದೂ ಅದೇ ಮಾತು: ಮಾಡಬ್ಯಾಡ್ರಿ, ಮಾರಬ್ಯಾಡ್ರಿ.

ತಾಳೆಗರಿ:
ಪಡುಮನೆಯವರೇ, ಲೆಕ್ಕ ಸರಿ ಬಂತು. ಅಮ್ಮ ಹುಟ್ಟಿದ್ದು 1962. ಅವರನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷವೇ ಅಜ್ಜ ಊರಿಗೆ ಬಂದದ್ದಂತೆ. ಇದಿಷ್ಟನ್ನು ಅಮ್ಮ ಇವತ್ತೇ ಬಾಯಿಬಿಟ್ಟು ಹೇಳಿದ್ದು.

ರಾಯಚೂರಿನವರೇ, ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬೆಳಿಗ್ಗೆ ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಮೂಲೆಯಲ್ಲಿ ನಾಲ್ಕು ಸೋರೆ ಬುರುಡೆ. ಮೂರರ ಒಳಗೆ ಸುಣ್ಣ ಕಲ್ಲಿನ ಹಾಗೆ ಅಂಟಿ ಕೂತಿದೆ. ನಾಲ್ಕನೆಯದರಲ್ಲಿ ಏನೂ ಇಲ್ಲ. ಅದು ದೈವಕ್ಕೆ ಇಡುವ ಕಳ್ಳಿನದ್ದು ಅಂದರು ಅಮ್ಮ.