ಬ್ರೆಜಿಲ್–ಅರ್ಜೆಂಟೀನಾ ಫ್ಯಾನ್ಸ್ ಶೂಟೌಟ್: ತಕರಾರಿಲ್ಲದೆ ಮುಗಿಸೋದು ಹೇಗೆ?

ಉಪ್ಪಳದವ: ಕ್ಲಬ್ಬಿನ ಲೆಕ್ಕದಲ್ಲಿ ಎರಡು ಕಡೆಯ ಫ್ಯಾನ್ಸಿಗೆ ಪೆನಾಲ್ಟಿ ಶೂಟೌಟ್ ಉಂಟು. ಕೀಪರ್ ಗೆರೆ ಬಿಟ್ಟು ಮುಂದೆ ಬಂದ ಅಂತಲೇ ಜಗಳ ಹತ್ತುವುದು. ಕಡೆಗೊಬ್ಬರಂತೆ ಇಬ್ಬರು ರೆಫ್ರಿ ಸಾಕಾ? ಮೊಬೈಲಲ್ಲಿ ವಿಡಿಯೋ ತೆಗೆದರೆ? ಫ್ಲೆಕ್ಸ್ ಕಟ್ಟುವ ಜಾಗಕ್ಕೂ ಎಳೆದಾಟ ಇದೆ.

ಸುಣ್ಣದಗೆರೆ: ಕಡೆಗೊಬ್ಬರು ಬೇಡ ಮಾರಾಯ್ರೇ, ಇಬ್ಬರೂ ತಂತಮ್ಮ ಕಡೆಗೇ ಹೇಳಿ ಪ್ರತಿ ಕಿಕ್ಕಿಗೂ ತೀರ್ಪು ಒಂದಕ್ಕೊಂದು ಸರಿಸಮ ಆಗ್ತದೆ. ವಿಡಿಯೋ ಒಂದನ್ನೇ ನಂಬಬೇಡಿ. 1951ರ ಡಾರ್ಟ್‌ಮತ್–ಪ್ರಿನ್ಸ್‌ಟನ್ ಪಂದ್ಯದ (ಅದು ಅಮೆರಿಕನ್ ಫುಟ್‌ಬಾಲ್, ನಮ್ಮದಲ್ಲ) ಫಿಲ್ಮನ್ನು ಎರಡೂ ಕಾಲೇಜಿನವರಿಗೆ ತೋರಿಸಿದ್ದರು. ಡಾರ್ಟ್‌ಮತ್ ತಂಡದ ತಪ್ಪುಗಳನ್ನು ಪ್ರಿನ್ಸ್‌ಟನ್‌ನವರು ಎಣಿಸಿದ್ದು ಡಾರ್ಟ್‌ಮತ್‌ನವರು ಎಣಿಸಿದ್ದರ ದುಪ್ಪಟ್ಟಿಗೂ ಹೆಚ್ಚು. ರೀಲು ಒಂದೇ.

ನಿಯಮ ಮೊದಲೇ ಓದಿ ಹೇಳಿ. ಒದೆಯುವ ಕ್ಷಣಕ್ಕೆ ಕೀಪರನ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ, ನೇರಕ್ಕೆ ಇಲ್ಲವೇ ಹಿಂದೆ ಇರಬೇಕು. ಮುಂದೆ ಬಂದು ತಡೆದರೆ ಮತ್ತೆ ಕಿಕ್. ಮೊದಲ ಸಲ ಎಚ್ಚರಿಕೆ, ಆಮೇಲೆ ಹಳದಿ ಕಾರ್ಡ್. ಚೆಂಡು ಹೊರಗೆ ಹೋಗಿದ್ದರೆ ಅಥವಾ ಕಂಬಕ್ಕೆ ಬಡಿದು ಬಂದಿದ್ದರೆ, ಕೀಪರ್ ಮುಂದೆ ಬಂದದ್ದರಿಂದ ಒದೆಯುವವ ಸ್ಪಷ್ಟವಾಗಿ ತಬ್ಬಿಬ್ಬಾದರೆ ಮಾತ್ರ ಮತ್ತೆ ಕಿಕ್. ಬೊಬ್ಬೆ ಏಳುವುದು ಹೆಚ್ಚಾಗಿ ಇಲ್ಲಿಯೇ.

ಗೆರೆ ಗೋಲ್ ಕಂಬದಷ್ಟೇ ಅಗಲ ಇರಲಿ, 12 ಸೆಂ.ಮೀ. ದಾಟಬಾರದು. ಫೋನನ್ನು ಗೆರೆಯ ನೇರಕ್ಕೆ, ನೆಲದ ಹತ್ತಿರ ಇಡಿ. ಓರೆಯಿಂದ ತೆಗೆದರೆ ಗೆರೆ ಮೇಲಿನ ಕಾಲೂ ಮುಂದೆ ಇದ್ದ ಹಾಗೆ ಕಾಣ್ತದೆ.

ಕುಂಬಳೆ ಸೆವೆನ್ಸ್: ರೆಫ್ರಿ ಬೇರೆ ಊರಿನವರಾದರೂ ಗದ್ದಲಕ್ಕೆ ಬಾಗುತ್ತಾರೆ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 40 ರೆಫ್ರಿಗಳಿಗೆ ಲಿವರ್‌ಪೂಲ್–ಲೆಸ್ಟರ್ ಪಂದ್ಯದ ವಿಡಿಯೋ ಹಾಕಿದ್ದರು. ಪ್ರೇಕ್ಷಕರ ಸದ್ದು ಕೇಳಿದವರು ಮನೆಯಂಗಳದ ತಂಡದ ವಿರುದ್ಧ ಕೊಟ್ಟ ಫೌಲು, ಸದ್ದಿಲ್ಲದೆ ನೋಡಿದವರಿಗಿಂತ 15.5% ಕಮ್ಮಿ. ಹಾಗಾಗಿ ಗೋಲಿನ ಹಿಂದೆ ಯಾರನ್ನೂ ನಿಲ್ಲಿಸಬೇಡಿ.

ಫ್ಲೆಕ್ಸ್ ಜಾಗಕ್ಕೆ, ಒಬ್ಬರು ಎರಡು ಪಾಲು ಮಾಡಲಿ, ಮತ್ತೊಬ್ಬರು ಆರಿಸಲಿ. ಕರೆಂಟ್ ಕಂಬ ಪಾಲಿಗೆ ಸೇರದು. ಪಿವಿಸಿ ಫ್ಲೆಕ್ಸ್ ಕೇರಳದಲ್ಲಿ ನಿಷೇಧ, ಬಟ್ಟೆಯದ್ದೇ ಕಟ್ಟಿ.

ಬಿಳಿಜೆರ್ಸಿ: ಬ್ಯಾನರಿನಲ್ಲಿ ‘ಫುಟ್‌ಬಾಲ್ ಪ್ರಿಯರು’ ಅಂತ ದೊಡ್ಡದಾಗಿ ಬರೆಸಿ, ದೇಶದ ಹೆಸರು ಸಣ್ಣದಾಗಲಿ. ಲ್ಯಾಂಕಾಸ್ಟರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫ್ಯಾನ್ಸಿನ ಎದುರು ಓಡುತ್ತಿದ್ದವನೊಬ್ಬ ಬಿದ್ದ ಹಾಗೆ ನಟಿಸಿದ್ದ. ಪ್ರಯೋಗ ಪ್ರಕಟವಾದದ್ದು 2005ರಲ್ಲಿ. ತಮ್ಮ ತಂಡದ ಬಗ್ಗೆ ಬರೆಸಿ ಕಳಿಸಿದಾಗ, ಎದುರಾಳಿ ಲಿವರ್‌ಪೂಲ್ ಜೆರ್ಸಿಯವನಿಗೆ ನೆರವಾದವರು 30%. ‘ಫುಟ್‌ಬಾಲ್ ಫ್ಯಾನ್ ಆಗಿರೋದು’ ಅಂತ ಬರೆಸಿ ಕಳಿಸಿದಾಗ 70%.

ಸುಣ್ಣದಗೆರೆ: ಎರಡನೇ ಸಲ ಸಾದಾ ಅಂಗಿಯವನಿಗೆ ನೆರವಾದವರು ಬರೀ 22%, ಅದನ್ನೂ ಹೇಳಿ! ನಮ್ಮವರು–ಹೊರಗಿನವರು ಅನ್ನುವ ಬೇಲಿ ತೆಗೆದದ್ದಲ್ಲ, ಸ್ವಲ್ಪ ಆಚೆ ಹಾಕಿದ್ದು. ಮೈದಾನದ ಬದಿಯ ಮನೆಯಲ್ಲಿ ಆಟ ನೋಡದವರೂ ಇರ್ತಾರೆ. ಶೂಟೌಟ್ ಆದ ಮೇಲೆ ಟಿವಿಯಲ್ಲಿ ಬರುವ ನಡುರಾತ್ರಿ ಹನ್ನೆರಡೂವರೆಯ ಮ್ಯಾಚನ್ನು ಸ್ಕ್ರೀನಿಗೆ ಹಾಕುವುದಾದರೆ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಮೈಕ್ ಹಾಕುವಂತಿಲ್ಲ. ಕಮಿಟಿಗೆ ಆ ಮನೆಯಿಂದಲೂ ಒಬ್ಬರನ್ನು ಸೇರಿಸಿ.